ಕುತ್ತಿಗೆ ಮೇಲಿನ ಕಪ್ಪು ಕೊಳೆಯಲ್ಲ, ನಿಲ್ಲದ ಬಸಿರು ಶಾಪವಲ್ಲ



ಇದು ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. ಗಂಡಸರೂ ಓದಿ. "ಹೆಂಗಸರ ವಿಷ್ಯ" ಅಂತ ಬೆರಳಲ್ಲಿ ಮೇಲಕ್ಕೆ ತಳ್ಳಿ ಹೋಗ್ಬೇಡಿ. ಈ ವಿಷ್ಯದಲ್ಲಿ ಮನೇಲಿ ಕೊನೇ ತೀರ್ಮಾನ ತಗೊಳ್ಳೋರು ಹೆಚ್ಚಿಗೆ ನೀವೇ.

ನಮ್ಮ ಸಂಘಟನೆ ಸಭೆಗಳಲ್ಲಿ ಭೂಮಿ ಬಗ್ಗೆ, ಸ್ಮಶಾನದ ಜಾಗದ ಬಗ್ಗೆ, ಒಳಮೀಸಲಾತಿ ಬಗ್ಗೆ, ಹಾಸ್ಟೆಲ್ ಊಟದ ಬಗ್ಗೆ ರಾತ್ರಿ ಹನ್ನೊಂದು ಗಂಟೆವರೆಗೂ ಮಾತಾಡ್ತೀವಿ. ಸಭೆ ಮುಗಿದ ಮೇಲೆ ಪಾತ್ರೆ ತೊಳೆಯೋ ಜಾಗದಲ್ಲಿ ಹೆಂಗಸರದ್ದು ಇನ್ನೊಂದು ಸಭೆ ನಡೆಯುತ್ತೆ, ಸಣ್ಣ ದನಿಯಲ್ಲಿ. "ನಾಲ್ಕು ತಿಂಗ್ಳಿಂದ ಮುಟ್ಟಾಗಿಲ್ಲ ಅಕ್ಕ." "ನಮ್ಮ ಸೊಸೆಗೆ ಎರಡ್ನೇದೂ ಇಳಿದೋಯ್ತು." "ನಮ್ಮ ಹುಡ್ಗಿ ಗಲ್ಲದ ಮೇಲೆ ಕೂದ್ಲು ಬರ್ತಾ ಅದೆ, ಯಾರ್ಗೂ ಹೇಳ್ಬೇಡ." ಈ ಎರಡನೇ ಸಭೆಯ ನಡಾವಳಿ ನಮ್ಮ ಯಾವ ಪುಸ್ತಕದಲ್ಲೂ ಇಲ್ಲ. ಇವತ್ತು ನಾನು ಬರೀತಿದ್ದೀನಿ.

ಕಾಯಿಲೆಯ ಹೆಸರು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಪಿಸಿಓಎಸ್. ಸ್ಕ್ಯಾನಿಂಗ್ ಸೆಂಟರಿನವರು ಪಿಸಿಓಡಿ ಅಂತಾರೆ. ನಮ್ಮ ಕಡೆ "ಗರ್ಭಕೋಶದಲ್ಲಿ ನೀರುಗುಳ್ಳೆ" ಅಂತಾರೆ. ಅದು ಇರೋದು ಗರ್ಭಕೋಶದಲ್ಲಿ ಅಲ್ಲ, ಅಂಡಾಶಯದಲ್ಲಿ. ಅವು ಗುಳ್ಳೆನೂ ಅಲ್ಲ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಕುತ್ತಿಗೆ ಬಗ್ಗೆ ಹೇಳ್ಬೇಕು.

ನಂಗೆ ಹನ್ನೆರಡು ವರ್ಷ ಆದಾಗಿಂದ ಕುತ್ತಿಗೆ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪ ಆಗ್ತಾ ಬಂತು. ಮುಟ್ಟಿದ್ರೆ ಮಖಮಲ್ಲಿನ ಥರ. ಶಾಲೆಯಲ್ಲಿ ಮೇಡಂ ಒಬ್ಬರು ಎಲ್ಲರ ಮುಂದೆ ನಿಲ್ಲಿಸಿ "ವಾರಕ್ಕೊಂದ್ಸಲನಾದ್ರೂ ಸ್ನಾನ ಮಾಡಿ ಬಾರಮ್ಮ" ಅಂದ್ರು. ನಮ್ಮ ಮನೆ ಯಾವ ಕೇರೀಲಿದೆ ಅಂತ ಅವರಿಗೆ ಗೊತ್ತಿತ್ತು, ಕ್ಲಾಸಿಗೂ ಗೊತ್ತಿತ್ತು. ಆ ನಗು ಬರೀ ಒಂದು ಹುಡುಗಿ ಮೇಲೆ ನಕ್ಕಿದ್ದಲ್ಲ. ಮನೇಲಿ ಅವ್ವ ಭಾನುವಾರ ಭಾನುವಾರ ಕೂರಿಸ್ಕೊಂಡು ತೆಂಗಿನ ನಾರಲ್ಲಿ ಉಜ್ಜೋಳು, ರಕ್ತ ಒಸರೋವರೆಗೂ. ನಿಂಬೆಹಣ್ಣು, ಅಡುಗೆ ಸೋಡ, ಕಡಲೆಹಿಟ್ಟು ಎಲ್ಲ ಆಯ್ತು. ಅವ್ವಂಗೆ ನನ್ನ ಮೇಲೆ ಕೋಪ ಇರ್ಲಿಲ್ಲ. "ನಮ್ಮೋರ ಮಕ್ಳು ಇನ್ನೊಬ್ರಿಗಿಂತ ಎರಡ್ರಷ್ಟು ಚೊಕ್ಕಟವಾಗಿರ್ಬೇಕು ಕಣವ್ವ, ಇಲ್ದಿದ್ರೆ ಬಿಡಲ್ಲ ಅವ್ರು" ಅನ್ನೋಳು.

ಆ ಕಪ್ಪಿಗೆ ವೈದ್ಯರ ಭಾಷೆಯಲ್ಲಿ ಹೆಸರಿದೆ: ಅಕಾಂಥೋಸಿಸ್ ನೈಗ್ರಿಕಾನ್ಸ್. ರಕ್ತದಲ್ಲಿ ಇನ್ಸುಲಿನ್ ಅಗತ್ಯಕ್ಕಿಂತ ಜಾಸ್ತಿ ಇದ್ದಾಗ ಚರ್ಮದ ಮಡಿಕೆಗಳಲ್ಲಿ ಕಣಗಳು ಬೇಗ ಬೇಗ ಬೆಳೆದು ಹೀಗೆ ದಪ್ಪ ಆಗುತ್ತೆ, ಕಪ್ಪಾಗುತ್ತೆ. ಕೊಳೆಗೂ ಅದಕ್ಕೂ ಸಂಬಂಧ ಇಲ್ಲ. ಉಜ್ಜಿದ್ರೆ ಹೋಗಲ್ಲ, ಇನ್ನೂ ದಪ್ಪ ಆಗುತ್ತೆ. ಅದು ದೇಹ ಹೊರಗಡೆ ಅಂಟಿಸಿರೋ ನೋಟಿಸು: ಒಳಗೆ ಇನ್ಸುಲಿನ್ ಲೆಕ್ಕ ತಪ್ಪಿದೆ, ನೋಡಿ ಅಂತ. ಯಾವ ಜಾತಿಯವರಿಗೆ ಬೇಕಾದ್ರೂ ಬರುತ್ತೆ. ಬೇರೆಯವರ ಮಗಳಿಗೆ ಬಂದ್ರೆ ಸ್ಕಿನ್ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾರೆ. ನಮ್ಮ ಮಗಳಿಗೆ ಬಂದ್ರೆ ಜಾತಿ ಕಾಣ್ಸುತ್ತೆ. ಹದಿನಾರು ವರ್ಷ ನನ್ನ ಕುತ್ತಿಗೆ ನೋಡಿದವರೆಲ್ಲ ಕೊಳೆ ಓದಿದ್ರು, ಒಬ್ಬರೂ ಕಾಯಿಲೆ ಓದ್ಲಿಲ್ಲ.

ಮದುವೆ ಆದ್ಮೇಲೆ ಇಪ್ಪತ್ತಾರಕ್ಕೆ ಮೊದಲನೇ ಸಲ ಬಸುರಿ ಆದೆ. ಎಂಟು ವಾರಕ್ಕೆ ಹೋಯ್ತು. ಇಪ್ಪತ್ತೆಂಟಕ್ಕೆ ಎರಡನೇದು. ಹನ್ನೊಂದನೇ ವಾರದ ಸ್ಕ್ಯಾನಿಂಗಲ್ಲಿ ಎದೆಬಡಿತ ಇರ್ಲಿಲ್ಲ. ಒಂದು ಖಾಸಗಿ ನರ್ಸಿಂಗ್ ಹೋಮಲ್ಲಿ ಡಿಎನ್‌ಸಿ ಮಾಡಿದ್ರು. ಅಲ್ಲಿನ ಸಿಸ್ಟರ್ ಒಬ್ಬರು ಕುತ್ತಿಗೆ ನೋಡಿ ಮೂಗು ಮುರಿದು "ಆಸ್ಪತ್ರೆಗೆ ಬರೋವಾಗ ಮೈ ತೊಳ್ಕೊಂಡು ಬರ್ಬೇಕು ಅಂತ ಗೊತ್ತಾಗಲ್ವಾ" ಅಂದ್ರು. ಮಗು ಕಳ್ಕೊಂಡು ಅರ್ಧ ಗಂಟೆ ಆಗಿತ್ತು. ಡಾಕ್ಟರು ಬಂದು "ಇನ್ನೂ ವಯಸ್ಸಿದೆ, ಟ್ರೈ ಮಾಡಿ" ಅಂತ ಹೇಳಿ ಹೋದ್ರು. ನಿಮ್ಮ ಮುಟ್ಟು ಎಷ್ಟು ದಿನಕ್ಕೊಮ್ಮೆ ಆಗುತ್ತೆ ಅನ್ನೋ ಒಂದು ಪ್ರಶ್ನೆ ಯಾರೂ ಕೇಳ್ಲಿಲ್ಲ. ಕೇಳಿದ್ದಿದ್ರೆ, ವರ್ಷಕ್ಕೆ ಐದೋ ಆರೋ ಸಲ ಅಂತ ಹೇಳ್ತಿದ್ದೆ.

ಕೇಳಿದ್ದು ಮೈಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನಾನು ಹೋಗಿದ್ದು ತಲೆಸುತ್ತಿಗೆ. ಅವರು ಕೈಯಿಂದ ನನ್ನ ಕುತ್ತಿಗೆ ಮುಟ್ಟಿ ನೋಡಿ "ನೋಡಮ್ಮ, ಇದು ಎಷ್ಟು ವರ್ಷದಿಂದ ಇದೆ? ಮುಟ್ಟು ಸರಿಯಾಗಿ ಆಗುತ್ತಾ?" ಅಂದ್ರು. ಮುಟ್ಟು ಅನ್ನೋ ಪದ ನಮ್ಮ ಭಾಷೇಲಿ ಎಂಥದ್ದು ನೋಡಿ. ತಿಂಗಳ ಸ್ರಾವಕ್ಕೂ ಅದೇ, ಕೈ ತಾಗೋದಕ್ಕೂ ಅದೇ. ಎರಡರ ಮೇಲೂ ಮೈಲಿಗೆ ಹೊರಿಸಿದ್ದಾರೆ. ಅವತ್ತು ಆಯಮ್ಮ ಎರಡೂ ಮಾಡಿದ್ರು: ಮುಟ್ಟಿದ್ರು, ಮುಟ್ಟಿನ ಬಗ್ಗೆ ಕೇಳಿದ್ರು. ಕಾಯಿಲೆ ಸಿಕ್ಕಿದ್ದು ಹಾಗೆ.

ಅವರು ಹೇಳಿದ್ದನ್ನ, ಆಮೇಲೆ ನಾನು ಓದಿ ತಿಳ್ಕೊಂಡಿದ್ದನ್ನ ಸೇರಿಸಿ ಹೇಳ್ತೀನಿ.

ನಾವು ತಿಂದ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬರುತ್ತೆ. ಆ ಸಕ್ಕರೆನ ದೇಹದ ಕಣಗಳ ಒಳಗೆ ಕಳ್ಸೋದು ಇನ್ಸುಲಿನ್. ಕೆಲವರ ದೇಹದಲ್ಲಿ ಕಣಗಳು ಇನ್ಸುಲಿನ್ ಮಾತು ಸುಲಭಕ್ಕೆ ಕೇಳಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನೂ ಇನ್ನೂ ಇನ್ಸುಲಿನ್ ಸುರಿಸುತ್ತೆ. ಈ ಜಾಸ್ತಿ ಇನ್ಸುಲಿನ್ ಅಂಡಾಶಯಕ್ಕೆ ಹೋಗಿ ಅಲ್ಲಿ ಗಂಡು ಹಾರ್ಮೋನು ಹೆಚ್ಚು ತಯಾರಾಗೋ ಹಾಗೆ ಮಾಡುತ್ತೆ. ಅದರಿಂದ ಗಲ್ಲದ ಮೇಲೆ ಕೂದಲು, ಮೊಡವೆ, ತಲೆಕೂದಲು ಉದುರೋದು. ತಿಂಗಳಿಗೊಂದು ಅಂಡ ಬಲಿತು ಹೊರಗೆ ಬರಬೇಕಲ್ಲ, ಅದು ಅರ್ಧಕ್ಕೇ ನಿಂತುಬಿಡುತ್ತೆ. ಹಾಗೆ ಅರ್ಧಕ್ಕೆ ನಿಂತ ಅಂಡದ ಚೀಲಗಳೇ ಸ್ಕ್ಯಾನಿಂಗಲ್ಲಿ ಮಣಿ ಪೋಣಿಸಿದ ಹಾಗೆ ಕಾಣೋದು. ಅವು ಆಪರೇಷನ್ ಮಾಡಿ ತೆಗೀಬೇಕಾದ ಗುಳ್ಳೆಗಳಲ್ಲ. ಅಂಡ ಬಿಡುಗಡೆ ಆಗದೆ ಇದ್ರೆ ಮುಟ್ಟೂ ತಪ್ಪುತ್ತೆ.

ಎಲ್ಲರಿಗೂ ಎಲ್ಲ ಲಕ್ಷಣ ಇರಲ್ಲ. 2003ರಲ್ಲಿ ರಾಟರ್‌ಡ್ಯಾಮಲ್ಲಿ ತಜ್ಞರು ಕೂತು ಮಾಡಿದ ಅಳತೆ ಪ್ರಕಾರ ಮೂರರಲ್ಲಿ ಎರಡು ಇದ್ರೆ ಪಿಸಿಓಎಸ್: ಮುಟ್ಟು ಸರಿ ಇಲ್ಲದಿರೋದು, ಗಂಡು ಹಾರ್ಮೋನು ಜಾಸ್ತಿ ಇರೋ ಗುರುತು, ಸ್ಕ್ಯಾನಿಂಗಲ್ಲಿ ಕಾಣೋ ಅಂಡಾಶಯ. ಬೇರೆ ಕಾರಣ ಇಲ್ಲ ಅಂತಾನೂ ನೋಡ್ಕೋಬೇಕು. ದಪ್ಪ ಇರೋರಿಗೆ ಮಾತ್ರ ಬರುತ್ತೆ ಅನ್ನೋದು ಸುಳ್ಳು. ಸಣ್ಣ ಮೈಯವರಿಗೂ ಬರುತ್ತೆ, ನಮ್ಮ ದೇಶದವರಿಗೆ ಕಡಿಮೆ ತೂಕದಲ್ಲೇ ಇನ್ಸುಲಿನ್ ತೊಂದರೆ ಶುರು ಆಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು, ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು ಹತ್ತು ಜನಕ್ಕೆ ಇದು ಇರುತ್ತೆ, ಜಗತ್ತಿನಲ್ಲಿ ಇದು ಇರೋರ ಪೈಕಿ 70%ವರೆಗೂ ತಮಗಿದೆ ಅಂತಾನೇ ಗೊತ್ತಿರಲ್ಲ. ಆ ಗೊತ್ತಿಲ್ಲದವರು ಯಾವ ಕೇರಿಗಳಲ್ಲಿ ಹೆಚ್ಚಿರ್ತಾರೆ ಅಂತ ಊಹೆ ಮಾಡೋಕೆ ದೊಡ್ಡ ಓದೇನೂ ಬೇಡ.

ಈಗ ಗರ್ಭಪಾತದ ವಿಷ್ಯ.

ಪಿಸಿಓಎಸ್ ಇರೋರಿಗೆ ಗರ್ಭ ಇಳಿಯೋ ಅಪಾಯ ಬೇರೆಯವರಿಗಿಂತ ಹೆಚ್ಚು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇದನ್ನ ಒಪ್ಪಿದೆ. ಬಸುರಿ ಸಕ್ಕರೆ ಕಾಯಿಲೆ, ಬಿಪಿ, ದಿನ ತುಂಬೋಕೆ ಮುಂಚೆ ಹೆರಿಗೆ, ಇವುಗಳ ಅಪಾಯಾನೂ ಹೆಚ್ಚು. ಇನ್ಸುಲಿನ್ ತೊಂದರೆ, ಹಾರ್ಮೋನಿನ ಏರುಪೇರು, ತೂಕ, ಗರ್ಭಕೋಶದ ಒಳಪದರ ಹದಕ್ಕೆ ಬರದೆ ಇರೋದು, ಹೀಗೆ ಹಲವು ಕಾರಣ ಸೇರ್ಕೊಳ್ಳುತ್ತೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಅಪಾಯ ಹೆಚ್ಚು ಅಂದ್ರೆ "ಇವಳಿಗೆ ನಿಲ್ಲಲ್ಲ" ಅಂತ ಅಲ್ಲ. ಪಿಸಿಓಎಸ್ ಇರೋ ಬಹಳಷ್ಟು ಹೆಂಗಸರು ಬಸುರಾಗ್ತಾರೆ, ಹೆರ್ತಾರೆ, ಮಕ್ಕಳು ಚೆನ್ನಾಗಿರ್ತಾವೆ. ಯಾವ ಕಾಯಿಲೇನೂ ಇಲ್ಲದವರಲ್ಲೂ, ಬಸುರು ಅಂತ ಗೊತ್ತಾದ ನೂರರಲ್ಲಿ ಹತ್ತರಿಂದ ಇಪ್ಪತ್ತು ಇಳಿದು ಹೋಗುತ್ತೆ, ಹೆಚ್ಚಿನವು ಮೊದಲ ಹನ್ನೆರಡು ವಾರದಲ್ಲೇ. ಅದರಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲೇ ಆಗಿರೋ ಏರುಪೇರು. ಬಿಂದಿಗೆ ಎತ್ತಿದ್ದಕ್ಕೆ, ಪಪ್ಪಾಯ ತಿಂದಿದ್ದಕ್ಕೆ, ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೆ, ಮಾರಮ್ಮನ ಹರಕೆ ಮರೆತಿದ್ದಕ್ಕೆ ಹೋಯ್ತು ಅಂತ ಹೇಳ್ತಾರಲ್ಲ, ಆ ಪಟ್ಟಿ ಪೂರ್ತಿ ಹೆಂಗಸಿನ ತಲೆಗೆ ಕಟ್ಟೋಕೆ ಮಾಡಿರೋದು. ಗಂಡಿನ ವಯಸ್ಸು, ವೀರ್ಯದ ಗುಣ ಕೂಡ ಲೆಕ್ಕಕ್ಕೆ ಬರುತ್ತೆ. ಆ ಪಟ್ಟಿಯಲ್ಲಿ ಗಂಡನ ಹೆಸರು ಯಾಕೆ ಇಲ್ಲ?

ಇದನ್ನ ಈಗ ಬರೆಯೋಕೆ ಕಾರಣ ನಮ್ಮ ಚಿಕ್ಕವ್ವನ ಮಗಳು. ಗಾರ್ಮೆಂಟ್ಸಲ್ಲಿ ಟೈಲರ್. ಹೋದ ತಿಂಗಳು ಒಂಬತ್ತು ವಾರಕ್ಕೆ ಹೋಯ್ತು, ಇದು ಎರಡನೇದು. ನಾಲ್ಕನೇ ದಿನ ಕೆಲಸಕ್ಕೆ ಹೋದ್ಳು, ಯಾಕಂದ್ರೆ ಐದನೇ ದಿನ ಹೋದ್ರೆ ಹಾಜರಾತಿ ಬೋನಸ್ಸು ಹೋಗುತ್ತೆ ಅಂತ ಸೂಪರ್‌ವೈಸರ್ ಹೇಳಿದ್ದ. ಮಿಷನ್ ಮುಂದೆ ಕೂತು ರಕ್ತ ಹೋಗ್ತಾನೇ ಇತ್ತು. ಮನೇಲಿ ಅತ್ತೆ ಕಡೆಯವರು ಇನ್ನೊಂದು ಮದುವೆ ಮಾತು ಶುರು ಮಾಡಿದ್ದಾರೆ. ಅಳಿಯನಿಗೆ ಫೋನ್ ಮಾಡಿ ಕೇಳ್ದೆ, "ಏನಪ್ಪಾ, ಅವಳಿಗೆ ಏನಾಗಿದೆ ಅಂತ ಒಂದು ಟೆಸ್ಟಾದ್ರೂ ಮಾಡಿಸಿದ್ರಾ?" "ಅಕ್ಕ, ಅಮ್ಮ ಹೇಳ್ತಾರೆ ಅವಳ ಹೊಟ್ಟೇಲಿ ನಿಲ್ಲಲ್ವಂತೆ" ಅಂದ. ಅವಳ ಕುತ್ತಿಗೆ ನನ್ನ ಕುತ್ತಿಗೆ ಥರಾನೇ. ಈ ವಾರ ಅವಳನ್ನ ಕರ್ಕೊಂಡು ಹೋಗ್ತಿದ್ದೀನಿ. ಅವಳಿಗೆ ಹೇಳಿರೋದನ್ನೇ ನಿಮಗೂ ಹೇಳ್ತೀನಿ, ಬರ್ಕೊಳ್ಳಿ.

ಒಂದು. ಮುಟ್ಟಿನ ತಾರೀಖು ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಎರಡು ಮುಟ್ಟಿನ ನಡುವೆ 35 ದಿನಕ್ಕಿಂತ ಜಾಸ್ತಿ ಆಗ್ತಿದ್ರೆ, ಅಥವಾ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಆದ್ರೆ ಡಾಕ್ಟರ್ ಹತ್ರ ಹೋಗಿ. ಮೂರು ತಿಂಗಳು ಆಗ್ಲೇ ಇಲ್ಲ ಅಂದ್ರೆ ಸುಮ್ನೆ ಕೂರಬೇಡಿ. ಹಾಗೇ ಬಿಟ್ರೆ ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗಿ ಮುಂದೆ ಕ್ಯಾನ್ಸರ್ ಅಪಾಯ ಹೆಚ್ಚುತ್ತೆ. "ಮದುವೆ ಆದ್ರೆ ಎಲ್ಲ ಸರಿ ಹೋಗುತ್ತೆ" ಅನ್ನೋದು ಔಷಧಿ ಅಲ್ಲ.

ಎರಡು. ಮಗು ಬೇಕು ಅಂತ ತೀರ್ಮಾನ ಮಾಡಿದ ಮೇಲೆ, ಬಸುರಿ ಆಗೋಕೆ ಮುಂಚೇನೇ ಸಕ್ಕರೆ, ಥೈರಾಯ್ಡ್, ಬಿಪಿ, ರಕ್ತದ ಪ್ರಮಾಣ ನೋಡಿಸ್ಕೊಳ್ಳಿ. ಫೋಲಿಕ್ ಆಸಿಡ್ ಮಾತ್ರೆ ಆಗ್ಲೇ ಶುರು ಮಾಡಿ, ಎಷ್ಟು ಅಂತ ಡಾಕ್ಟರ್ ಹೇಳ್ಲಿ. ಬಸುರಿ ಆದ ಮೇಲೆ ಗ್ಲೂಕೋಸ್ ಕುಡಿಸಿ ಮಾಡೋ ಪರೀಕ್ಷೆ ಮೊದಲ ಭೇಟಿಯಲ್ಲೇ ಆಗಬೇಕು, ಮತ್ತೆ 24ರಿಂದ 28 ವಾರದ ಒಳಗೆ ಇನ್ನೊಂದ್ಸಲ. ತಾಯಿ ಕಾರ್ಡಿನಲ್ಲಿ ಬರೆಸ್ಕೊಳ್ಳಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತೆ, ಆಶಾ ಅಕ್ಕನ್ನ ಕೇಳಿ.

ಮೂರು. ಮೆಟ್‌ಫಾರ್ಮಿನ್ ಅಂತ ಒಂದು ಮಾತ್ರೆ ಇದೆ. ಸಕ್ಕರೆ ಕಾಯಿಲೆಯವರಿಗೆ ಕೊಡೋ ಅದೇ ಅಗ್ಗದ ಮಾತ್ರೆ. ಇನ್ಸುಲಿನ್ ತೊಂದರೆಗೆ, ಮುಟ್ಟು ದಾರಿಗೆ ತರೋಕೆ ಸಹಾಯ ಮಾಡುತ್ತೆ. ಅಂಡ ಬಿಡುಗಡೆಗೆ ಮೊದಲ ಆಯ್ಕೆ ಲೆಟ್ರೋಜೋಲ್ ಅನ್ನೋ ಇನ್ನೊಂದು ಮಾತ್ರೆ. ಇವು ಗರ್ಭ ಉಳಿಸೋ ಗ್ಯಾರಂಟಿ ಅಲ್ಲ. ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್ ಸ್ಟೋರಲ್ಲಿ ತಗೊಳ್ಳೋ ಮಾತ್ರೆಗಳೂ ಅಲ್ಲ. ಬಸುರಿ ಆದ್ಮೇಲೆ ಯಾವುದನ್ನ ಬಿಡಬೇಕು, ಯಾವುದನ್ನ ಮುಂದುವರಿಸಬೇಕು ಅನ್ನೋದನ್ನ ಡಾಕ್ಟರ್ ಹೇಳಬೇಕು.

ನಾಲ್ಕು. ಎರಡು ಸಲ ಗರ್ಭ ಇಳಿದಿದ್ರೆ "ಮತ್ತೆ ಟ್ರೈ ಮಾಡಿ" ಅನ್ನೋ ಮಾತಿಗೆ ಎದ್ದು ಬರಬೇಡಿ. ಯಾಕೆ ಅಂತ ಕೇಳಿ. ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಆಕಾರ, ರಕ್ತ ಹೆಪ್ಪುಗಟ್ಟಿಸೋ ಆಂಟಿಬಾಡಿ, ಇವುಗಳ ಪರೀಕ್ಷೆ ಇದೆ. ಪಿಸಿಓಎಸ್ ಇದೆ ಅಂತ ಉಳಿದ ಕಾರಣ ಹುಡುಕದೆ ಬಿಡಬಾರದು.

ಐದು. ರಕ್ತಸ್ರಾವ ಗಂಟೆಗೆ ಎರಡು ಪ್ಯಾಡ್ ತೋಯೋಷ್ಟು ಆದ್ರೆ, ಜ್ವರ ಬಂದ್ರೆ, ವಾಸನೆ ಬಂದ್ರೆ, ಕಣ್ಣು ಕತ್ತಲೆ ಬಂದ್ರೆ, ಹೊಟ್ಟೆಯ ಒಂದೇ ಕಡೆ ತಡೆಯಲಾರದ ನೋವು ಬಂದ್ರೆ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ. ನಿಮ್ಮದು ನೆಗೆಟಿವ್ ರಕ್ತದ ಗುಂಪಾದ್ರೆ ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ ನೀವಾಗೇ ಕೇಳಿ.

ಇನ್ನು ಊಟ. ಎಲ್ಲ ಡಾಕ್ಟರೂ ಹೇಳೋದು ಅನ್ನ ಕಡಿಮೆ ಮಾಡಿ, ಪ್ರೋಟೀನ್ ಜಾಸ್ತಿ ತಿನ್ನಿ, ನಡೀರಿ, ತೂಕ ಐದರಿಂದ ಹತ್ತು ಪರ್ಸೆಂಟ್ ಇಳಿಸಿದ್ರೂ ಮುಟ್ಟು ಸರಿ ಹೋಗಬಹುದು. ಮಾತು ಸರಿ. ಆದ್ರೆ ನಮ್ಮ ತಟ್ಟೆಗೆ ಬರೋದು ಪಡಿತರದ ಬಿಳಿ ಅಕ್ಕಿ. ನಮ್ಮ ತಾತ ಮುತ್ತಾತಂದಿರು ತಿಂದ ರಾಗಿ, ಹುರುಳಿ, ಅವರೆ ಈಗ ಅಂಗಡಿ ಮಾಲು. ಅಗ್ಗದ ಪ್ರೋಟೀನ್ ಅಂತ ನಮಗಿದ್ದದ್ದು ದನದ ಮಾಂಸ. 2020ರ ಗೋಹತ್ಯೆ ನಿಷೇಧ ಕಾಯ್ದೆ ಅದರ ಮೇಲೆ ಬಂದು ಕೂತಿದೆ. ಶಾಲೆಯಲ್ಲಿ ಮಕ್ಕಳಿಗೆ ಒಂದು ಮೊಟ್ಟೆ ಕೊಡೋಕೂ ಮಠಗಳ ಅಪ್ಪಣೆ ಬೇಕು ಅನ್ನೋ ಹಾಗೆ ಗಲಾಟೆ ಆಗಿದ್ದನ್ನ ನೋಡಿದ್ದೀವಿ. ಆದ್ದರಿಂದ ಡಯಟ್ ಚಾರ್ಟ್ ಕೊಡೋ ಮುಂಚೆ ನಮ್ಮ ಅಡುಗೆಮನೆ ನೋಡಿ. ಆದ್ರೂ ನಮ್ಮ ಕೈಲಿ ಆಗೋದನ್ನ ಮಾಡೋಣ: ಒಂದು ಹೊತ್ತು ಮುದ್ದೆ, ಹುರುಳಿ ಸಾರು, ಸೊಪ್ಪು, ಮೊಟ್ಟೆ. ಟೀ ಜೊತೆ ಬನ್ನು ಬಿಸ್ಕತ್ತು ಬೇಡ. ಹನ್ನೆರಡು ವರ್ಷದ ಹುಡುಗಿಯಿಂದಾನೇ ಶುರು ಮಾಡೋಣ.

ಗರ್ಭಕೋಶ ತೆಗೆಸಿಬಿಡಿ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ. ಅದು ಪಿಸಿಓಎಸ್‌ಗೆ ಚಿಕಿತ್ಸೆ ಅಲ್ಲ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳ ಗರ್ಭಕೋಶಗಳನ್ನ ಅಗತ್ಯವಿಲ್ಲದೆ ಕಿತ್ತು ದುಡ್ಡು ಮಾಡಿದ ಕತೆ 2015ರಲ್ಲಿ ಹೊರಗೆ ಬಂದಿದ್ದು ನಿಮಗೆ ನೆನಪಿರಬೇಕು. ಅನಗತ್ಯ ಗರ್ಭಕೋಶ ಆಪರೇಷನ್ನುಗಳ ಮೇಲೆ ಕಣ್ಣಿಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಎರಡನೇ ಡಾಕ್ಟರ್ ಅಭಿಪ್ರಾಯ ಕೇಳೋದು ನಿಮ್ಮ ಹಕ್ಕು.

ಇನ್ನೊಂದು ಹಕ್ಕು. ಗರ್ಭಪಾತ ಆದ ಹೆಂಗಸಿಗೆ ಆರು ವಾರ ಸಂಬಳದ ರಜೆ ಕೊಡಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಇದು ಬರೆದಿಟ್ಟ ಕಾನೂನು. ಆ ಆರು ವಾರ ಅವಳ ಕೈಲಿ ಕೆಲಸ ಮಾಡಿಸೋದೇ ಅಪರಾಧ. ಇಎಸ್‌ಐ ಇರೋರಿಗೆ ವಂತಿಗೆ ಲೆಕ್ಕ ಸರಿ ಇದ್ರೆ 42 ದಿನದ ಭತ್ಯೆ ಅಲ್ಲಿಂದ ಸಿಗುತ್ತೆ. ಬೇಕಾಗಿರೋದು ಡಾಕ್ಟರ್ ಕೊಡೋ ಪ್ರಮಾಣಪತ್ರ. ಡಿಸ್ಚಾರ್ಜ್ ಚೀಟಿಯಲ್ಲಿ "ಗರ್ಭಪಾತ" ಅಂತ ಬರೆಸ್ಕೊಳ್ಳದೆ ಆಸ್ಪತ್ರೆ ಬಿಡಬೇಡಿ. ನನ್ನ ತಂಗಿಯ ನಾಲ್ಕು ದಿನ ಮತ್ತು ಈ ನಲವತ್ತೆರಡು ದಿನದ ನಡುವೆ ಇರೋ 38 ದಿನ ಯಾರ ಜೇಬಿಗೆ ಹೋಯ್ತು? ಗಾರ್ಮೆಂಟ್ಸ್, ಪೌರಕಾರ್ಮಿಕರ ಸಂಘಗಳಲ್ಲಿರೋ ಗೆಳೆಯರು ದಯವಿಟ್ಟು ಈ ಸಾಲುಗಳನ್ನ ಗೇಟ್ ಮೀಟಿಂಗಲ್ಲಿ ಓದಿ ಹೇಳಿ. ಕೂಲಿಗೆ ಹೋಗೋರಿಗೆ ಈ ಹಕ್ಕೂ ಇಲ್ಲ. ಅದು ನಾವು ಇನ್ನೂ ಕೇಳದೆ ಇರೋ ಬೇಡಿಕೆ.

ಇದನ್ನ ಅಂಬೇಡ್ಕರ್‌ವಾದಿಗಳು ಯಾಕೆ ಮಾತಾಡಬೇಕು ಅನ್ನೋರಿಗೆ: 1928ರಲ್ಲಿ ಬಾಂಬೆ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಬಾಬಾಸಾಹೇಬರು ಅದರ ಪರ ಎದ್ದು ನಿಂತರು. ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಅದರ ಭಾರ ಹೆಚ್ಚಾಗಿ ಸರ್ಕಾರ ಹೊರಬೇಕು, ಮಾಲೀಕನೂ ತಪ್ಪಿಸಿಕೊಳ್ಳೋ ಹಾಗಿಲ್ಲ ಅಂತ ವಾದ ಮಾಡಿದರು. ಅದು ಬರೀ ಕಾನೂನಿನ ಮಾತಾಗಿರಲಿಲ್ಲ. ರಮಾಬಾಯಿ ಹೆತ್ತ ಐದು ಮಕ್ಕಳಲ್ಲಿ ಉಳಿದದ್ದು ಯಶವಂತ ಒಬ್ಬರೇ. ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು. ಮಗು ಕಳ್ಕೊಂಡ ಮನೆ ಹೇಗಿರುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಿಶ್ವಸಂಸ್ಥೆಯ ಮಹಿಳಾ ವಿಭಾಗದ 2018ರ ವರದಿ ಹೇಳುತ್ತೆ: ನಮ್ಮ ದೇಶದಲ್ಲಿ ದಲಿತ ಹೆಣ್ಣುಮಕ್ಕಳು ಸಾಯೋ ಸರಾಸರಿ ವಯಸ್ಸು ಮೇಲ್ಜಾತಿ ಹೆಣ್ಣುಮಕ್ಕಳಿಗಿಂತ 14.6 ವರ್ಷ ಕಡಿಮೆ. ಆ ಹದಿನಾಲ್ಕೂವರೆ ವರ್ಷ ಒಂದೇ ಸಲ ಯಾರೂ ಕಿತ್ಕೊಳ್ಳಲ್ಲ. ಒಬ್ಬರು ಮುಟ್ಟದೆ ಬಿಟ್ಟ ಕುತ್ತಿಗೆ, ಒಬ್ಬರು ಕೇಳದೆ ಬಿಟ್ಟ ಪ್ರಶ್ನೆ, ಒಬ್ಬರು ಕೊಡದೆ ಬಿಟ್ಟ ರಜೆ, ಹೀಗೆ ದಿನ ದಿನ ಕಳೀತಾ ಹೋಗುತ್ತೆ.

ನಂಗೂ ನನ್ನ ಗಂಡನಿಗೂ ಮಕ್ಕಳಿಲ್ಲ. ಎರಡನೇದಾದ ಮೇಲೆ ಇಬ್ಬರೂ ಕೂತು ಮಾತಾಡಿ ಸಾಕು ಅಂತ ತೀರ್ಮಾನ ಮಾಡಿದ್ವಿ. ಚೆನ್ನಾಗಿದ್ದೀವಿ. ಮಾತ್ರೆ ತಗೊಳ್ತೀನಿ, ನಡೀತೀನಿ, ವರ್ಷಕ್ಕೊಮ್ಮೆ ಸಕ್ಕರೆ ನೋಡಿಸ್ತೀನಿ, ಮುಟ್ಟು ಸುಮಾರಾಗಿ ಸರಿ ಇದೆ. ಮಗು ಬೇಕು ಅಂದೋಳಿಗೆ ಚಿಕಿತ್ಸೆ ಸಿಗಬೇಕು, ಬೇಡ ಅಂದೋಳಿಗೆ ಗೌರವ ಸಿಗಬೇಕು. "ಬಂಜೆ" ಅನ್ನೋ ಪದ ನಮ್ಮ ಬಾಯಲ್ಲಿ ಇನ್ನು ಬರಬಾರದು. ನಮ್ಮನ್ನ ಕರೆದ ಪದಗಳು ಎಷ್ಟು ನೋಯಿಸುತ್ತವೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸಂಘಟನೆಯ ಗೆಳೆಯರಲ್ಲಿ ಮೂರು ಕೇಳಿಕೆ. ಮುಂದಿನ ತಾಲ್ಲೂಕು ಸಭೆಯ ಅಜೆಂಡಾದಲ್ಲಿ ಇದು ಒಂದು ವಿಷಯ ಆಗಿ ಇರಲಿ, ಪಾತ್ರೆ ತೊಳೆಯೋ ಜಾಗದಲ್ಲಿ ಅಲ್ಲ, ಮೈಕಿನ ಮುಂದೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹದಿಹರೆಯದ ಹುಡುಗಿಯರಿಗೆ ಮುಟ್ಟಿನ ಬಗ್ಗೆ ಕೇಳಿ, ಕುತ್ತಿಗೆ ನೋಡಿ, ಸಕ್ಕರೆ ಪರೀಕ್ಷೆ ಮಾಡೋ ವ್ಯವಸ್ಥೆಗೆ ಮನವಿ ಕೊಡೋಣ. ನಮ್ಮ ಹಾಸ್ಟೆಲ್‌ಗಳಲ್ಲಿ ವರ್ಷಕ್ಕೊಮ್ಮೆ ಹೆಣ್ಣುಮಕ್ಕಳ ಆರೋಗ್ಯ ಶಿಬಿರ ಆಗಲಿ, ಡಾಕ್ಟರು ಹೆಂಗಸೇ ಇರಲಿ.

ತಾಯಂದಿರೇ, ಮಗಳ ಕುತ್ತಿಗೆಗೆ ಹಿಡಿದ ನಾರು ಕೆಳಗಿಡಿ. ಅವಳ ಕೈ ಹಿಡ್ಕೊಂಡು ಆಸ್ಪತ್ರೆಗೆ ಹೋಗಿ. ಅಲ್ಲಿ ಯಾರಾದ್ರೂ ಕೊಳೆ ಅಂದ್ರೆ, ಅದು ಕಾಯಿಲೆ, ಅದಕ್ಕೆ ಹೆಸರಿದೆ, ಪರೀಕ್ಷೆ ಬರ್ಕೊಡಿ ಅಂತ ಹೇಳಿ.

ಕಾಮೆಂಟಲ್ಲಿ ಬರೆಯೋಕೆ ಧೈರ್ಯ ಇರೋರು ಬರೀರಿ. ಇಲ್ದಿದ್ರೆ ಇನ್‌ಬಾಕ್ಸ್‌ಗೆ ಬನ್ನಿ. ಯಾರ ಹೆಸರೂ ಹೊರಗೆ ಹೋಗಲ್ಲ.

ಜೈಭೀಮ್. ಜೈ ಸಾವಿತ್ರಿ.